ಸಾನ್ ಮಿಗೆಲ್ಲಿನ ಚೆಂಡುಹೂವು, ಬೆಟಗೇರಿಯ ಮೌನಾಚರಣೆ

ನಮ್ಮ ತವರಿನವರು ನಾಲ್ಕು ತಲೆಮಾರಿನಿಂದ ಬೆಟಗೇರಿಯಲ್ಲಿ ಸೀರೆ ವ್ಯಾಪಾರದವರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ದೊಡ್ಡ ಮನೆತನಗಳಿಗೆ ಮದುವೆ ಸೀರೆ ನಮ್ಮ ಅಂಗಡಿಯಿಂದಲೇ ಹೋಗಬೇಕು. ನಮ್ಮ ಅಜ್ಜ ಕಟ್ಟೆಯ ಮೇಲೆ ಬಂದು ಕೂತರೆ ಓಣಿಯ ಜಗಳ ತಾನಾಗಿ ತಣ್ಣಗಾಗುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಕೂತಾಗ ಬೆನ್ನು ನೆಟ್ಟಗಿರಬೇಕು ಎಂದು ಸಿಸ್ಟರ್ ಹೇಳಿದ್ದನ್ನು ಇವತ್ತಿಗೂ ಪಾಲಿಸುತ್ತೇನೆ. ಆದರೂ ಇಂಥ ಮನೆಗಳನ್ನೇ ಹುಡುಕಿಕೊಂಡು ಬಂದಂತೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಮೂರು ತಿಂಗಳು ನಾವು ಊರಲ್ಲಿ ಇಲ್ಲದಾಗ ಮಹಿಳಾ ಮಂಡಳದ ಸಭೆಯಲ್ಲಿ ನಮ್ಮ ಸಂಸಾರದ ಬಗ್ಗೆ ಒಂದು ಮಾತು ಬಂತು. ಅದು ಈಗ ಗದಗ ಪೂರ್ತಿ ಸುತ್ತುತ್ತಿದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

೧. ಕೆನ್ನೆ

ನಮ್ಮವರು ಕೈಮಗ್ಗ ಕಲಿಸಿ ನಿವೃತ್ತರಾದವರು. ಮೆಕ್ಸಿಕೋದ ಸಾನ್ ಮಿಗೆಲ್ ಎಂಬ ಊರಿನ ನೇಯ್ಗೆ ಶಾಲೆ ಅವರನ್ನು ಕರೆಸಿಕೊಂಡಿತ್ತು. ಸ್ಪೇನಿನವರು ಆಳುವಾಗ ಕಟ್ಟಿದ ಊರು. ಗುಲಾಬಿ ಬಣ್ಣದ ಚರ್ಚು, ಗುಂಡುಕಲ್ಲು ಹಾಸಿದ ಏರು ಬೀದಿಗಳು, ಎಲ್ಲಿ ನೋಡಿದರೂ ಪ್ರವಾಸಿಗರು. ಅಲ್ಲಿ ಭೇಟಿಯಾದಾಗ ಹೆಂಗಸರು ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ನಾವು ಇಳಿದುಕೊಂಡಿದ್ದ ಮನೆಯ ಒಡತಿ ಮುಂದೆ ಬಂದಾಗ ನಾನು ಎರಡು ಮಾರು ದೂರದಿಂದಲೇ ಕೈ ಮುಗಿದೆ. ನಮ್ಮವರು ಮೊದಲ ದಿನ ಕಂಬದಂತೆ ನಿಂತಿದ್ದರು. ವಾರದೊಳಗೆ ಬಾಗಿಲ ಸಪ್ಪಳವಾದರೆ ಸಾಕು, ಕೆನ್ನೆ ತಾನಾಗಿ ಮುಂದೆ ಹೋಗುತ್ತಿತ್ತು.

“ಏನ್ರಿ ಇದು?” ಎಂದೆ.

“ಊರಿನ ಪದ್ಧತಿ. ಬ್ಯಾಡ ಅಂದ್ರ ಅವರಿಗೆ ಮರ್ಯಾದಿ ಕೊಟ್ಟಂಗ ಆಗೂದಿಲ್ಲ.”

“ನಮ್ಮೂರಾಗ ಇಷ್ಟು ಮರ್ಯಾದಿ ಯಾರಿಗೆ ಕೊಟ್ಟೀರಿ?”

“ನಮ್ಮೂರಾಗ ಯಾರ ಕೇಳ್ಯಾರ?”

೨. ಬೇಲಿ ಪಲ್ಯ

ಸಂತೆಯಲ್ಲಿ ಒಬ್ಬ ಹೆಂಗಸು ಮುಳ್ಳು ಕೆತ್ತಿ ಹಸಿರು ಹಾಳೆಗಳನ್ನು ಪೇರಿಸಿಟ್ಟಿದ್ದಳು. ಹತ್ತಿರ ಹೋಗಿ ನೋಡಿದರೆ ಪಾಪಾಸುಕಳ್ಳಿ.

“ಕಳಸಾಪುರದಾಗ ನಮ್ಮ ಹೊಲದ ಬೇಲಿ ಇದು,” ಎಂದರು ನಮ್ಮವರು. “ಇಲ್ಲೆ ಪಲ್ಯ ಆಗೇತಿ ನೋಡು.”

ಉಳ್ಳಾಗಡ್ಡಿ, ಶೇಂಗಾ ಪುಡಿ ಹಾಕಿ ಮಾಡಿದೆ. ಬೆಂಡೆಕಾಯಿಯಂತೆ ಲೋಳೆ, ರುಚಿಯೇನೂ ಕೆಟ್ಟದಲ್ಲ. ಮಹಿಳಾ ಮಂಡಳದ ಕಾರ್ಯದರ್ಶಿ ಫೋನ್ ಮಾಡಿದಾಗ ಈ ಸಂಗತಿಯನ್ನು ಹೇಳಿದ್ದೇ ತಪ್ಪಾಯಿತು. ಮರುದಿನ ನನ್ನ ನಾದಿನಿಯ ಫೋನು.

“ವೈನಿ, ಅಲ್ಲೆ ಕಾಯಿಪಲ್ಯ ಸಿಗೂದಿಲ್ಲೇನ್ರಿ? ಅಣ್ಣಗ ಬೇಲಿ ಕಡದು ಹಾಕಾಕತ್ತೀರಂತ. ಕಾರ್ಯದರ್ಶಿ ಬಾಯಾರು ಎಲ್ಲಾರ ಮುಂದ ಹೇಳ್ಯಾರ.”

ಅನುಮಾನ ಕಳೆಯಲಿ ಎಂದು ಫೋನನ್ನು ನಮ್ಮವರ ಕೈಗೆ ಕೊಟ್ಟೆ.

“ಹೌದವಾ, ಖರೆ ಐತಿ,” ಎಂದರು. “ಮುಳ್ಳು ಮಾತ್ರ ತಗದಿರ್ತಾಳ.”

೩. ಚೆಂಡುಹೂವು

ನವೆಂಬರ್ ಮೊದಲಿಗೆ ಆ ಊರಿನಲ್ಲಿ ಸತ್ತವರ ಹಬ್ಬ. ನಮ್ಮ ಮಾನವಮಿ ಅಮಾವಾಸ್ಯೆಯಂತೆ ಹಿರಿಯರಿಗೆ ಎಡೆ ಇಡುತ್ತಾರೆ. ಮೇಜಿನ ಮೇಲೆ ಫೋಟೋ, ಮೇಣದ ಬತ್ತಿ, ಬ್ರೆಡ್ಡು, ರಾಶಿ ರಾಶಿ ಚೆಂಡುಹೂವು. “ನಿಮ್ಮ ಹಿರಿಯರನ್ನೂ ಇಡಿ,” ಎಂದು ಮನೆಯೊಡತಿ ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮ ಅತ್ತೆಯವರದು ನಮ್ಮ ಹತ್ತಿರ ಇದ್ದದ್ದು ಒಂದೇ ಫೋಟೋ, ಅದರಲ್ಲಿ ಪಕ್ಕಕ್ಕೆ ಮಗ, ಅಂದರೆ ನಮ್ಮವರೂ ನಿಂತಿದ್ದರು. ಮನೆಯೊಡತಿ ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಮಾಲೆ ಏರಿಸಿದಳು. ಧಾರಾಳಿ ಹೆಂಗಸು. ಹೂವು ಹೆಚ್ಚಾಗಿ ಅತ್ತೆಯವರು ಪೂರ್ತಿ ಮುಚ್ಚಿಹೋದರು. ಕಂಡದ್ದು ಮಗನ ಮುಖ ಮಾತ್ರ.

ನಮ್ಮವರಿಗೆ ಅಲಂಕಾರ ಬಹಳ ಹಿಡಿಸಿತು. ಅದರದೊಂದು ಫೋಟೋ ತೆಗೆದು ಬೆಟಗೇರಿಯ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದರು. ಕೆಳಗೆ ಏನೂ ಬರೆಯಲಿಲ್ಲ. ಮಲಗುವಾಗ ಫೋನು ಬಂದ್ ಎಂಬುದು ನನ್ನ ನಿಯಮ. ಎರಡೂ ಫೋನು ಬಂದ್ ಮಾಡಿ ಮಲಗಿದೆವು. ಬೆಟಗೇರಿಯಲ್ಲಿ ಆಗ ಬೆಳಗಾಗಿತ್ತು.

೪. ಮೌನ

ಎದ್ದು ಫೋನು ಹಚ್ಚಿದರೆ ನಾದಿನಿಯ ಅಳು.

“ವೈನಿ, ಅಣ್ಣಗ ಏನಾಗಿತ್ತರಿ?”

“ಏನಾಗೇತಿ? ಹಲ್ಲು ತಿಕ್ಕಾಕತ್ತಾರ.”

ಅಳು ನಿಲ್ಲಿಸಿ ಆಕೆ ನಡೆದದ್ದನ್ನು ಹೇಳಿದಳು. ವಿಷಯ ಇಷ್ಟು. ಅಂದು ಮಹಿಳಾ ಮಂಡಳದವರು ದೀಪಾವಳಿಯ ಫರಾಳದ ತಿಂಡಿಗೆ ಸೇರಿದ್ದರು. ಮಾಲೆ ಹಾಕಿದ ಫೋಟೋ ಅಲ್ಲಿಗೂ ಮುಟ್ಟಿತು. ಅದು ಬಂದದ್ದು ಸತ್ತವರ ಫೋನಿನಿಂದಲೇ ಎಂದು ನಾದಿನಿ ಹೇಳಿದರೆ, “ಪಾಪ, ಅಕ್ಕಾರ ಕೈಗೆ ಅದ ಫೋನ್ ಸಿಕ್ಕಿರಬೇಕು,” ಎಂದು ಉಳಿದವರು ನನ್ನ ಬಗ್ಗೆ ಮರುಗಿದರಂತೆ. ಚಕ್ಕುಲಿ ಬದಿಗಿಟ್ಟು ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ನಂತರ ಕಾರ್ಯದರ್ಶಿ ಮಾತಾಡಿದರು. ಅದರ ವಿಡಿಯೋ ನನ್ನ ಹತ್ತಿರ ಇದೆ.

“ಆ ಮನಷ್ಯಾ ಸಂಸಾರದಾಗ ಏನೇನ್ ಸಹಿಸಿದ್ರು ಅನ್ನೂದು ನಮಗೆಲ್ಲಾ ಗೊತ್ತೈತಿ. ಒಂದ್ ದಿನ ತಿರುಗಿ ಮಾತಾಡಲಿಲ್ಲ. ಕಡೀಕ ಬೇಲೀನೂ ತಿಂದ್ರು. ಈಗರೆ ಅವರಿಗೆ ಶಾಂತಿ ಸಿಗಲಿ.”

ಮುಂದಿನ ಸಾಲಿನಲ್ಲಿ ಎಲ್ಲರೂ ತಲೆಯಾಡಿಸುವುದು ಸ್ಪಷ್ಟವಾಗಿ ಕಾಣುತ್ತದೆ. ನಾದಿನಿಯೂ ಆಡಿಸಿದ್ದಾಳೆ. ನಮ್ಮವರು ಕನ್ನಡಕ ಹಾಕಿಕೊಂಡು ಪೂರ್ತಿ ಕೇಳಿದರು.

“ಚಲೋ ಮಾತಾಡ್ಯಾರ,” ಎಂದರು. “ಇನ್ನೊಮ್ಮೆ ಹಚ್ಚು.”

ಊರಿಗೆ ಮರಳಿದ ಮೇಲೆ ಕಾರ್ಯದರ್ಶಿ ಮನೆಗೆ ಬಂದಿದ್ದರು. ಕುಂಡ್ರಿ ಎಂದೆ, ಚಹಾ ಕೊಟ್ಟೆ. ಸಂಸ್ಕಾರ ಬಿಡಲಿಲ್ಲ.

“ತಪ್ಪಾತ್ರಿ ಅಕ್ಕಾರ. ಅವರು ಇದ್ದಾರ ಅನ್ನೂದು ಗೊತ್ತಿರಲಿಲ್ಲ.”

“ಅದಕ್ಕಲ್ಲ. ಸಹಿಸಿದ್ರು ಅಂದೀರಲ್ಲ, ಅದಕ್ಕ.”

ಅವರು ಚಹಾದ ಬಟ್ಟಲು ನೋಡಿದರು, ಒಳಕೋಣೆಯ ಕಡೆ ನೋಡಿದರು. “ಅದಕ್ಕ ಹ್ಯಾಂಗ ತಪ್ಪಾತು ಅನ್ನಲಿರಿ?” ಎಂದರು.

ಒಳಗಿನಿಂದ ನಮ್ಮವರು ಕೆಮ್ಮಿದ್ದು ಕೇಳಿಸಿತು. ನಕ್ಕದ್ದೂ ಇರಬಹುದು, ಅದನ್ನು ಆಮೇಲೆ ವಿಚಾರಿಸಿದ್ದೇನೆ.

ಸಾವಿನ ವಿಷಯ ನಾನು ಬಿಟ್ಟಿದ್ದೇನೆ. ಮುಂದಿನ ಸಭೆಯಲ್ಲಿ, ತಲೆಯಾಡಿಸಿದವರೆಲ್ಲರ ಎದುರಿಗೆ, ಆ ಒಂದು ಮಾತಿಗೆ ಕಾರ್ಯದರ್ಶಿ ಕ್ಷಮೆ ಕೇಳಬೇಕು.