ಮಾವನ ಕುರ್ಚಿಯ ಬಾಯಿ ಮುಚ್ಚಿಸಿದ್ದು

ನಮ್ಮ ವಂಶದಲ್ಲಿ ಯಾರಿಗೂ ಮರಗೆಲಸ ಬಂದಿಲ್ಲ. ನನಗೂ ಬಂದಿಲ್ಲ ಎಂಬುದು ಊರಿಗೆಲ್ಲ ತಿಳಿದ ಮೇಲೆ ನನಗೆ ತಿಳಿಯಿತು.

ದಾವಣಗೆರೆಯವನಾದ ನಾನು ಆಗ ವಿಶಾಖಪಟ್ಟಣದ ಒಂದು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೆ. ಮಾತ್ರೆ ದುಂಡಗಿದೆಯೋ ಇಲ್ಲವೋ ಎಂದು ನೋಡಿ ಸಹಿ ಹಾಕುವ ಕೆಲಸ. ಹೆಂಡತಿ ಪದ್ಮಜಾ ವಿಜಯವಾಡದವಳು. ಮದುವೆಯಾದ ಮೇಲೆ ನನ್ನಿಂದ ಕನ್ನಡ ಕಲಿತು, ಅದರಲ್ಲೇ ನನ್ನನ್ನು ಬೈಯುವಷ್ಟು ಮುಂದುವರಿದಿದ್ದಳು. ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಿಗಾದರೂ ವರ್ಗವಾಗುತ್ತಲೇ ಇರುತ್ತಿತ್ತು. ಹೋಗುವವರು ಲಾರಿಯಲ್ಲಿ ಹಿಡಿಸದ ಹಳೆಯ ಕುರ್ಚಿ, ಸ್ಟೂಲು, ಮೇಜುಗಳನ್ನು ಮೆಟ್ಟಿಲ ಕೆಳಗೆ ಬಿಟ್ಟು ಹೋಗುತ್ತಿದ್ದರು. ಅತ್ತ ಊರಂಚಿನ ಮಧುರವಾಡದಲ್ಲಿ ನಮ್ಮ ಕಡೆಯ ಹುಡುಗರು ಒಂದೆರಡು ವರ್ಷದ ಮಟ್ಟಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದು, ಖಾಲಿ ಫ್ಲ್ಯಾಟಿನಲ್ಲಿ ಸೂಟ್‌ಕೇಸಿನ ಮೇಲೆ ಕೂತು ಊಟ ಮಾಡುತ್ತಿದ್ದರು. ಇಲ್ಲಿ ಕೂರುವವರಿಲ್ಲದ ಕುರ್ಚಿ, ಅಲ್ಲಿ ಕುರ್ಚಿಯಿಲ್ಲದ ಜನ. ನಡುವೆ ಒಬ್ಬ ಮಹಾಪುರುಷನ ಕೊರತೆ ಇತ್ತು. ಆ ಮಳೆಗಾಲದಲ್ಲಿ ನಾನು ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ, ತಗಡಿನ ಮಾಡಿನ ಕೆಳಗೆ, ಕೈಯಲ್ಲಿ ಸುತ್ತಿಗೆ ಹಿಡಿದು ಅವತರಿಸಿದೆ!

ಕೆಲಸ ಸುಲಭವಾಗಿತ್ತು. ಹಳೆಯ ಬಣ್ಣ ಉಜ್ಜಿ ತೆಗೆಯುವುದು, ಅಲ್ಲಾಡುವ ಕಾಲಿಗೆ ಗೋಂದು ಸುರಿದು ಬೆಣೆ ಬಡಿಯುವುದು, ಮೇಲೆ ಎರಡು ಕೈ ಪಾಲಿಶ್ ಹಚ್ಚುವುದು. ದಸರಾ ಹೊತ್ತಿಗೆ ಎರಡು ಕುರ್ಚಿ, ಒಂದು ಮೇಜು, ಒಂದು ಸ್ಟೂಲು ಮತ್ತು ಒಂದು ಆರಾಮ ಕುರ್ಚಿ ಮಧುರವಾಡಕ್ಕೆ ಹೋಗಿದ್ದವು. ಆರಾಮ ಕುರ್ಚಿ ಕೊಂಡವನು ಹುಬ್ಬಳ್ಳಿಯ ಶಿವಕುಮಾರ. ಒಬ್ಬನೂ ದೂರು ಹೇಳಲಿಲ್ಲ. ನಾನು ಕಾರ್ಖಾನೆಯಲ್ಲಿ ಮಾತ್ರೆ ನೋಡುತ್ತಾ, ಇದೆಂಥ ಕೆಲಸ, ನನ್ನ ಕೈಯಲ್ಲಿರುವ ಕಲೆಯೇನು, ಎಂದು ನಿಟ್ಟುಸಿರು ಬಿಡಲಾರಂಭಿಸಿದೆ.

ಇಂಥ ಉಬ್ಬಿದ ಸ್ಥಿತಿಯಲ್ಲಿ ದಸರೆಗೆ ಮಾವನ ಮನೆಗೆ ಹೋದದ್ದೇ ತಪ್ಪು.

ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಸಗಟು ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಬೀದಿ ಕಡೆಗೆ ಪಡಸಾಲೆ, ಕೊನೆಯಲ್ಲಿ ಅಡುಗೆಮನೆ, ನಡುವೆ ರೈಲುಬೋಗಿಯಂತೆ ಉದ್ದಕ್ಕೆ ಕೋಣೆಗಳು. ಪಡಸಾಲೆಯ ಬಾಗಿಲ ಬಳಿ ಮಾವನ ತೇಗದ ಆರಾಮ ಕುರ್ಚಿ. ಅವರ ಅಪ್ಪನ ಕಾಲದ್ದು. ಮಾವ ನಿವೃತ್ತ ಹೆಡ್‌ಮಾಸ್ತರು. ಅವರು ಕೂತರೆ ಕುರ್ಚಿ 'ಕಿರ್ರ್' ಎನ್ನುತ್ತಿತ್ತು. ಎದ್ದರೆ 'ಕಿರ್ರ್ರ್ ಕುಂಯ್' ಎಂದು ಇಡೀ ಮನೆಗೆ ಕೇಳುವಂತೆ ಗೋಳಾಡುತ್ತಿತ್ತು. ನನ್ನೊಳಗಿನ ಕಲಾವಿದನಿಗೆ ತಡೆಯಲಾಗಲಿಲ್ಲ. ಇದನ್ನು ವಿಶಾಖಪಟ್ಟಣಕ್ಕೆ ಒಯ್ದು ರಿಪೇರಿ ಮಾಡಿ ತರುತ್ತೇನೆ ಎಂದೆ.

ಆಂಧ್ರದಲ್ಲಿ ಅಳಿಯನೆಂದರೆ ಸಣ್ಣಪುಟ್ಟ ದೇವರು. ಅವನಿಗೆ ಇಲ್ಲವೆನ್ನುವ ಪದ್ಧತಿ ಇಲ್ಲ. ಅತ್ತೆ ಒಮ್ಮೆ, ನಿಮಗ್ಯಾಕೆ ಶ್ರಮ ಅಲ್ಲುಡುಗಾರು, ಎಂದರು. ಊಟಕ್ಕೆ ಬಡಿಸುವಾಗ ಇನ್ನೊಮ್ಮೆ ಎಂದರು. ರೈಲಿಗೆ ಹೊರಡುವಾಗ ಮೂರನೆಯ ಸಲ, ಅದು ಹಾಗೇ ಚೆನ್ನಾಗಿದೆ, ಎಂದರು. ಮೂರನ್ನೂ ನಾನು ಸಂಕೋಚವೆಂದೇ ತಿಳಿದೆ. ಮಾವ ಮಾತ್ರ ಒಂದೇ ಮಾತಿಗೆ ಒಪ್ಪಿ, ತಾವೇ ಹೋಗಿ ಲಾರಿ ಗೊತ್ತುಮಾಡಿ ಬಂದರು. ಎಪ್ಪತ್ತರ ಮುದುಕರಿಗೆ ಅಷ್ಟು ಉತ್ಸಾಹ ಯಾಕೆ ಬಂತೆಂದು ಗುಣಮಟ್ಟ ವಿಭಾಗದವನಾದ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ!

ಮಾವನ ಕುರ್ಚಿಯೆಂಬ ಭಯದಿಂದ ಸದರಿ ಕುರ್ಚಿಯನ್ನು ನಾನು ಬೇರೆಲ್ಲದರಂತೆ ಕಾಟಾಚಾರಕ್ಕೆ ಮಾಡಲಿಲ್ಲ. ಒಂದೊಂದು ಸಂದನ್ನೂ ಬಿಚ್ಚಿ, ತಿಕ್ಕಿ, ಬಿಸಿಲಿಗಿಟ್ಟು, ಗೋಂದು ಹಾಕಿ, ಹಗ್ಗ ಬಿಗಿದು, ಒಳಗಿನಿಂದ ಕಬ್ಬಿಣದ ಪಟ್ಟಿ ಕೊಟ್ಟು ಸ್ಕ್ರೂ ಹಾಕಿದೆ. ಕಾರ್ತಿಕ ಮಾಸ ಬಂತು. ಬೆಳಿಗ್ಗೆ ಟ್ಯಾಂಕಿನ ಮೇಲೆ ಇಬ್ಬನಿ ಕೂರತೊಡಗಿತು, ಪಾಲಿಶ್ ಒಣಗಲು ದಿನಗಟ್ಟಲೆ ಹಿಡಿಯಿತು. ನಾನು ಮಫ್ಲರ್ ಸುತ್ತಿಕೊಂಡು ಕಾದೆ. ಕೊನೆಗೆ ಪದ್ಮಜಾಳನ್ನು ಕೂರಿಸಿ, ಏಳಿಸಿ, ಕೂರಿಸಿ, ಏಳಿಸಿ ಪರೀಕ್ಷೆ ಮಾಡಿದೆ. ಇರುವೆ ನಡೆದಷ್ಟೂ ಸದ್ದಿಲ್ಲ.

ಕುರ್ಚಿಯನ್ನು ವಿಜಯವಾಡಕ್ಕೆ ನಾನೇ ಮುಟ್ಟಿಸಿದೆ. ಮಾವ ಕೂತರು. ನಿಶ್ಶಬ್ದ. ಎದ್ದರು. ನಿಶ್ಶಬ್ದ. ಅವರ ಮುಖದಲ್ಲಿ ಪರೀಕ್ಷೆ ರದ್ದಾದ ಸುದ್ದಿ ಕೇಳಿದ ಹುಡುಗನ ಕಳೆ ಬಂತು. ಅತ್ತೆ, ಬಹಳ ಚೆನ್ನಾಗಿದೆ, ಎಂದು ಹೇಳಿ ಒಳಗೆ ಹೋದವರು ಆ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತರು.

ಹತ್ತು ದಿನಕ್ಕೆ ಅತ್ತೆಯ ಫೋನು ಬಂತು, ಪದ್ಮಜಾಳಿಗೆ. ಅಳಿಯನ ಮೇಲಿನ ದೂರನ್ನು ಅಳಿಯನಿಗೇ ಹೇಳುವಂತಿಲ್ಲ. ಅರ್ಧ ಗಂಟೆ ತೆಲುಗಿನಲ್ಲಿ ಹೂಂಗುಟ್ಟಿ, ರಿಸೀವರ್ ಇಟ್ಟು, ಪದ್ಮಜಾ ನನ್ನ ಕಡೆ ತಿರುಗಿದಳು.

"ಏಮಂಡೀ, ಆ ಕುರ್ಚಿ ತುಂಬ ಚೆನ್ನಾಗಿದೆಯಂತೆ. ಸ್ವಲ್ಪ ಕೆಡಿಸೋಕೆ ಆಗುತ್ತಾ ಅಂತ ಕೇಳ್ತಿದಾರೆ ಅಮ್ಮ."

ಆಮೇಲೆ ವಿಷಯ ಹೊರಬಿತ್ತು. ಮಾವನಿಗೆ ಸಕ್ಕರೆ ಕಾಯಿಲೆ. ಗಲ್ಲಿಯ ತುದಿಯಲ್ಲಿ ಮಿಠಾಯಿ ಅಂಗಡಿ, ಅಲ್ಲಿ ಆ ಕಡೆ ಹೆಸರುವಾಸಿಯಾದ 'ಬಂದರು ಲಡ್ಡು'. ಮಂಡಿನೋವಿನ ಅತ್ತೆ ಅಡುಗೆಮನೆಯಿಂದ ಪಡಸಾಲೆಗೆ ಗಳಿಗೆಗೊಮ್ಮೆ ಓಡಿಬರಲಾರರು. ಆದರೆ ಕುರ್ಚಿ ಇತ್ತಲ್ಲ! 'ಕಿರ್ರ್' ಎಂದರೆ ಮಾವ ಪೇಪರ್ ಎತ್ತಿಕೊಳ್ಳಲು ಬಗ್ಗಿದ್ದಾರೆ. 'ಕಿರ್ರ್ರ್ ಕುಂಯ್' ಎಂದರೆ ಎದ್ದಿದ್ದಾರೆ. ತಕ್ಷಣ ಒಳಗಿನಿಂದ, ಎಲ್ಲಿಗೆ ಹೊರಟಿರಿ, ಎಂಬ ಪ್ರಶ್ನೆ ಹೋಗುತ್ತಿತ್ತು. ಹದಿನೈದು ವರ್ಷ ಹೀಗೆ ಆ ಕುರ್ಚಿ ಮಾವನನ್ನು ಕಾಪಾಡಿತ್ತು. ನಾನು ಹೋಗಿ ಅದರ ಬಾಯಿಗೆ ಗೋಂದು ಮೆತ್ತಿದ್ದೆ.

ಈಗ ಮಾವ ಹೊಗೆಯಂತೆ ಏಳುತ್ತಿದ್ದರು, ಹೊಗೆಯಂತೆ ಹೋಗಿಬರುತ್ತಿದ್ದರು. ಸಕ್ಕರೆ ಏರಿತ್ತು. ಮುಂದಿನ ತಿಂಗಳ ಪರೀಕ್ಷೆಯಲ್ಲೂ ಹೀಗೇ ಬಂದರೆ ದಿನಾ ಸೂಜಿ ಚುಚ್ಚಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಅತ್ತೆ ಈಗ ತರಕಾರಿಯನ್ನು ಪಡಸಾಲೆಗೇ ತಂದು, ಮಾವನ ಮೇಲೆ ಒಂದು ಕಣ್ಣಿಟ್ಟು ಹೆಚ್ಚುತ್ತಿದ್ದರು. ಬೇಳೆ ಎರಡು ಸಲ ಸೀದಿತ್ತು, ಬೆರಳು ಒಂದು ಸಲ ಕೊಯ್ದಿತ್ತು. ಕೇಳಿ ನನಗೆ ನಿಜವಾಗಿಯೂ ಕೆಟ್ಟದೆನಿಸಿತು. ಇರಲಾರದೆ ಇರುವೆ ಬಿಟ್ಟುಕೊಂಡವರು ಇರುತ್ತಾರೆ. ನಾನು ಅತ್ತೆಯ ಮೇಲೆ ಬಿಟ್ಟಿದ್ದೆ.

ಭಾನುವಾರ ಉಪಕರಣಗಳ ಚೀಲ ಹಿಡಿದು ವಿಜಯವಾಡಕ್ಕೆ ಹೋದೆ. ಸದ್ದು ತೆಗೆದವನಿಗೆ ಸದ್ದು ಹಾಕುವುದು ಎಷ್ಟರ ಕೆಲಸ? ಸ್ಕ್ರೂ ಸಡಿಲಿಸಿದೆ. ಸದ್ದಿಲ್ಲ. ಸ್ಕ್ರೂಗಳನ್ನು ತೆಗೆದೇಬಿಟ್ಟೆ. ಗೋಂದು ಹಿಡಿದುಕೊಂಡಿತ್ತು. ಕಾಲುಗಳ ಸಂದಿಗೆ ಬಿಸಿನೀರು ಸುರಿದೆ. ಪಾಲಿಶ್ ಬೆಳ್ಳಗಾಯಿತು, ಕುರ್ಚಿ ತೆಪ್ಪಗಿತ್ತು. ಅಂಗಳಕ್ಕೆ ಎಳೆದು ಬಿಸಿಲಿಗಿಟ್ಟೆ. ನಾನೇ ಹತ್ತಿ ಕುಣಿದೆ. ಪಕ್ಕದ ಮನೆಯವರು ಕಾಂಪೌಂಡಿನಿಂದ ನೋಡಿ, ಕಾರ್ತಿಕದ ಏನೋ ವ್ರತವಿರಬೇಕೆಂದು ಸುಮ್ಮನಾದರು.

ಮಾವ ಪಕ್ಕದಲ್ಲಿ ನಿಂತು ನನ್ನ ಕೆಲಸವನ್ನು ಹೊಗಳುತ್ತಲೇ ಇದ್ದರು. ಎಂಥ ಕೈ, ಬಂಡೆಗಲ್ಲಿನಂತೆ ಮಾಡಿದ್ದೀರಿ, ಇದನ್ನು ಬಿಚ್ಚುವವನು ಇನ್ನು ಹುಟ್ಟಬೇಕು, ಎಂದರು. ಬೆವರು ಒರೆಸಿಕೊಳ್ಳುವಾಗ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಅಂಗೈಗೆ ಒಂದು ಲಡ್ಡು ಇಟ್ಟರು. ಹಿರಿಯರು ಕೊಟ್ಟದ್ದು, ತಿಂದೆ. ಬಹಳ ಚೆನ್ನಾಗಿತ್ತು. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ! ನನ್ನ ಮೀಸೆಯ ಮೇಲಿದ್ದ ಲಡ್ಡಿನ ಪುಡಿಯನ್ನು ನೋಡಿದರು, ಒಳಗೆ ಹೋದರು. ಆ ಊಟಕ್ಕೆ ನನಗೆ ತುಪ್ಪ ಬೀಳಲಿಲ್ಲ. ಆಂಧ್ರದ ಮನೆಯಲ್ಲಿ ಅಳಿಯನ ಅನ್ನಕ್ಕೆ ತುಪ್ಪ ಬೀಳಲಿಲ್ಲವೆಂದರೆ ಅದಕ್ಕಿಂತ ದೊಡ್ಡ ಛೀಮಾರಿ ಬೇರೆಯಿಲ್ಲ.

ಸೋತು ವಿಶಾಖಪಟ್ಟಣಕ್ಕೆ ಬಂದೆ. ಅಷ್ಟರಲ್ಲಿ ಚಳಿ ಇನ್ನಷ್ಟು ಬಿದ್ದಿತ್ತು. ಬಡಗಣ ಗಾಳಿಗೆ ತುಟಿ ಒಡೆಯತೊಡಗಿತ್ತು. ತುಟಿ ಒಡೆದ ಮೇಲೆ ಮರ ಸುಮ್ಮನಿರುತ್ತದೆಯೇ? ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ್ದ ಸಂದುಗಳೆಲ್ಲ ಈಗ ಒಣಗಿ ಸಡಿಲವಾದವು. ನನ್ನ ಗೋಂದೂ ಬೆಣೆಯೂ ಅಲ್ಲಿ ಏನೂ ಮಾಡಿರಲಿಲ್ಲ. ಸಂದುಗಳನ್ನು ಮಳೆ ಹಿಡಿದುಕೊಂಡಿತ್ತು, ಹೆಸರು ನಾನು ಹೊಡೆದುಕೊಂಡಿದ್ದೆ. ಮಧುರವಾಡದಿಂದ ಒಂದರ ಹಿಂದೊಂದು ಫೋನು. ಮೇಜು ಊಟಕ್ಕೆ ಕೂತರೆ ತೂಗುತ್ತಿತ್ತು. ಸ್ಟೂಲು ನರಳುತ್ತಿತ್ತು. ಕುರ್ಚಿಗಳು ಆಟೋ ಹತ್ತಿ ವಾಪಸ್ ಬಂದು ಅವೇ ಮೆಟ್ಟಿಲ ಕೆಳಗೆ ಸೇರಿಕೊಂಡವು.

ಕೊನೆಗೆ ಶಿವಕುಮಾರ ಆರಾಮ ಕುರ್ಚಿಯನ್ನು ಆಟೋದಲ್ಲಿ ಹೇರಿಕೊಂಡು ಬಂದ. ಪಾಪ, ಮರ್ಯಾದಸ್ಥ ಹುಡುಗ. ನೀರು ಕುಡಿದು, ಕ್ಷೇಮ ಸಮಾಚಾರ ಕೇಳಿದ ಮೇಲೆಯೇ ಬಾಯಿಬಿಟ್ಟ.

"ಸರ, ತಪ್ಪು ತಿಳ್ಕೋಬ್ಯಾಡ್ರಿ. ಕುರ್ಚಿ ಚಲೋ ಐತಿ. ಖರೆ, ಮಾತಾಡತೈತ್ರಿ."

"ಅಂದ್ರೆ?"

"ಅಮೆರಿಕಾದವ್ರ ಜೋಡಿ ಫೋನಿನ್ಯಾಗ ಇದ್ದೆ. ಸ್ವಲ್ಪ ಹಿಂದಕ್ಕ ಒರಗಿದೆ ನೋಡ್ರಿ. ಆ ಕಡಿಂದ, ನಿಮ್ಮನ್ಯಾಗ ಯಾರಿಗೆ ಆರಾಮಿಲ್ಲ ಅಂತ ಕೇಳಿದ್ರು."

ನಾನು ಕೂತು ನೋಡಿದೆ. 'ಕಿರ್ರ್.' ಎದ್ದೆ. 'ಕಿರ್ರ್ರ್ ಕುಂಯ್!' ಅದೇ ರಾಗ, ಅದೇ ಎಳೆತ. ಅವಮಾನದಿಂದ ತಲೆ ತಗ್ಗಿಸಬೇಕಾದವನು ಶಿವಕುಮಾರನನ್ನು ಅಪ್ಪಿಕೊಂಡೆ. ಅವನು ಗಾಬರಿಯಾಗಿ ಪದ್ಮಜಾಳ ಮುಖ ನೋಡಿದ. ಆರಾಮ ಕುರ್ಚಿಯ ಬದಲಿಗೆ ಅವನಿಗೆ ನಮ್ಮ ಊಟದ ಮೇಜಿನ ಒಂದು ಒಳ್ಳೆಯ ಕುರ್ಚಿಯನ್ನು ಕೊಟ್ಟು ಕಳಿಸಿದೆವು. ಒಳ್ಳೆಯದು ಎಂದರೆ, ನಾನು ಮುಟ್ಟಿರದ್ದು.

ಮರುದಿನವೇ ಆ ಕುರ್ಚಿಯನ್ನು ರೈಲಿನ ಲಗೇಜು ಡಬ್ಬಿಗೆ ಹಾಕಿಸಿ, ಅದೇ ರೈಲಿನಲ್ಲಿ ನಾವಿಬ್ಬರೂ ಹೊರಟೆವು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ, ಎತ್ತಿಳಿಸುವ ಹೊಡೆತಕ್ಕೆ ಎಲ್ಲಾದರೂ ಸರಿಹೋಗಿಬಿಟ್ಟರೆ! ಗವರ್ನರ್‌ಪೇಟೆಯ ಪಡಸಾಲೆಯಲ್ಲಿ ಅದನ್ನಿಟ್ಟಾಗ ಮಾವನಿಗಿಂತ ಮೊದಲು ಅತ್ತೆಯೇ ಬಂದು ಕೂತರು. 'ಕಿರ್ರ್.' ಮಗಳನ್ನು ಕೂರಿಸಿ, ತಾವು ಅಡುಗೆಮನೆಗೆ ಹೋಗಿ ನಿಂತು, ಈಗ ಏಳು ಎಂದು ಕೂಗಿದರು. 'ಕಿರ್ರ್ರ್ ಕುಂಯ್.' ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಬಂದರು. ಮೊದಲ ಬಾರಿಗೆ ನನ್ನ ತಪ್ಪನ್ನು, ಮಗಳ ಮೂಲಕ ಅಲ್ಲದೆ, ನೇರವಾಗಿ ನನಗೇ ಹೇಳಿದರು:

"ಅಲ್ಲುಡುಗಾರು, ಕೆಲಸ ಅಂದರೆ ಇದು. ನೀವು ಮೊದಲು ಮಾಡಿದ್ದು ಸರಿ ಇರಲಿಲ್ಲ."

ಆ ದಿನ ತುಪ್ಪದಲ್ಲಿ ಅನ್ನ ತೇಲಿತು. ಮಾವ ಊಟದುದ್ದಕ್ಕೂ ನನ್ನತ್ತ ನೋಡಲಿಲ್ಲ. ಕೈ ತೊಳೆಯುವಾಗ ಮೆಲ್ಲಗೆ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ, ಎಂದರು. ಆದರೆ ಮುಂದಿನ ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು, ಸೂಜಿ ತಪ್ಪಿತ್ತು. ಮಾವನ ಅಪ್ಪನ ಕಾಲದ, ಸದ್ದು ಸತ್ತ ಕುರ್ಚಿಯನ್ನು ಅತ್ತೆ ಇನ್ನು ಮನೆಯಲ್ಲಿ ಇಟ್ಟುಕೊಳ್ಳಲಾರೆ ಎಂದರು. ಅದು ಆ ಸಲವೇ ನಮ್ಮ ಜೊತೆ ಎಂವಿಪಿ ಕಾಲೋನಿಗೆ ಬಂತು.

ಎಂಥ ಸುಖದ ಕುರ್ಚಿ ಅದು! ನಾನೇ ಮಾಡಿದ್ದಲ್ಲವೇ. ಸಂಜೆ ಕಾರ್ಖಾನೆಯಿಂದ ಬಂದು ಶಾಲು ಹೊದ್ದು ಕೂರುತ್ತಿದ್ದೆ. ಪದ್ಮಜಾ ಬಾಲ್ಕನಿಯಲ್ಲಿ ಬಟ್ಟೆ ಮಡಿಸುವಾಗ ಸದ್ದಿಲ್ಲದೆ ಎದ್ದು, ಅಡುಗೆಮನೆಯ ಮೇಲಿನ ಕಪಾಟಿಗೆ ಹೋಗಿ, ಅತ್ತೆ ಮೆಚ್ಚಿ ಕಳಿಸುತ್ತಿದ್ದ ಉದ್ದಿನಹಿಟ್ಟು-ಬೆಲ್ಲದ ಸುನ್ನುಂಡೆಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು, ಸದ್ದಿಲ್ಲದೆ ಬಂದು ಕೂರುತ್ತಿದ್ದೆ. ಮಾವನ ದುಃಖ ಎಷ್ಟು ದೊಡ್ಡದೆಂದು ಆಗ ಅರ್ಥವಾಯಿತು.

ಸಂಕ್ರಾಂತಿ ಕಳೆದ ಮೇಲೆ ಕಾರ್ಖಾನೆಯಲ್ಲಿ ಎಲ್ಲರಿಗೂ ವರ್ಷದ ಆರೋಗ್ಯ ತಪಾಸಣೆಯಾಯಿತು. ಸಕ್ಕರೆಯ ಅಂಕಿಯ ಕೆಳಗೆ ಕೆಂಪು ಗೆರೆ ಎಳೆದಿದ್ದ ವರದಿಯನ್ನು ಮನೆಗೆ ತಂದು ಪೇಪರಿನ ಕೆಳಗೆ ಇಟ್ಟಿದ್ದೆ. ಪದ್ಮಜಾ ಓದಿದಳು. ಜಗಳ ಮಾಡಲಿಲ್ಲ, ಅಳಲಿಲ್ಲ, ಡಬ್ಬಿಗೆ ಬೀಗ ಹಾಕಲಿಲ್ಲ. ಒಳ್ಳೆಯ ಹೆಂಗಸು ಎಂದುಕೊಂಡೆ.

ಮಾರನೆಯ ಸಂಜೆ ಬಂದು ನೋಡಿದರೆ ಕುರ್ಚಿ ಇರಲಿಲ್ಲ. ಊರು ಬಿಡುವಾಗ ವಾಪಸ್ ಕೊಡಬೇಕೆಂಬ ಕರಾರಿನ ಮೇಲೆ ಶಿವಕುಮಾರನಿಗೆ ಕೊಟ್ಟಿದ್ದಳಂತೆ. ಅವನು ಆಗಲೇ ಫೋನು ಮಾಡಿ, ಈ ಸಲ ಸರ ಭಾಳ ಚಲೋ ಮಾಡ್ಯಾರ, ಎಂದು ಹೇಳಿದ್ದನಂತೆ. ಆ ಜಾಗದಲ್ಲಿ ಮೆಟ್ಟಿಲ ಕೆಳಗಿನಿಂದ ತಂದ, ಮಳೆಗಾಲದಲ್ಲಿ ನಾನು ರಿಪೇರಿ ಮಾಡಿದ ಕುರ್ಚಿ ನಿಂತಿತ್ತು.

ಕೂತೆ. 'ಕಿರ್ರ್' ಎಂದಿತು. ಪದ್ಮಜಾ ಬಾಲ್ಕನಿಯಲ್ಲಿದ್ದಳು. ಉಸಿರು ಬಿಗಿಹಿಡಿದು, ಒಂದು ಕೈ ಗೋಡೆಗೆ ಕೊಟ್ಟು, ಬೆಕ್ಕಿನಂತೆ ಎದ್ದೆ.

"ಏಮಂಡೀ, ಎಲ್ಲಿಗೆ?"

ಎಲ್ಲಿಗೂ ಇಲ್ಲ ಎಂದು ಕೂತುಕೊಂಡೆ. ಕುರ್ಚಿ ಅದನ್ನೂ ಹೇಳಿತು. ನನ್ನದೇ ಕೈಕೆಲಸ, ದೂರು ಯಾರಿಗೆ ಕೊಡಲಿ?