ಬೀಗರ ಧೋತರಕ್ಕೆ ಸಬಕಾರ

ಮಕ್ಕಳಿಗೆ ಏನಾದರೂ ಕಲಿಸಲು ಹೋದಾಗಲೆಲ್ಲ ನನ್ನ ಮಾನ ಹೋಗುತ್ತದೆ. ಏಕೆಂದು ನನಗೂ ತಿಳಿಯದು, ನಡೆದದ್ದನ್ನು ಹೇಳುತ್ತೇನೆ.

೧. ಹಳದಿ ಕಾಗದ

ನಾವಿದ್ದದ್ದು ಪುಣೆಯ ಒಂದು ವಾಡೆಯಲ್ಲಿ. ವಾಡೆ ಎಂದರೆ ಒಂದೇ ಅಂಗಳದ ಸುತ್ತ ಹಲವು ಸಂಸಾರ. ಒಂದು ರವಿವಾರ ಅಲ್ಲಿಯ ಮಕ್ಕಳನ್ನು ಕೂಡಿಸಿ, ಅರಿಷಿಣದ ನೀರಿನಲ್ಲಿ ಕಾಗದ ಅದ್ದಿ ಒಣಗಿಸಿದೆ. ಅದಕ್ಕೆ ಒದ್ದೆ ಸಬಕಾರ ತಿಕ್ಕಿದರೆ ಕೆಂಪು. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಸಬಕಾರದಲ್ಲಿ ಕ್ಷಾರ, ನಿಂಬೆಯಲ್ಲಿ ಹುಳಿ ಇರುವುದೇ ಕಾರಣ. ಇದನ್ನು ಮಕ್ಕಳು ಆಕಳಿಸುವವರೆಗೆ ವಿವರಿಸಿದೆ.

"ತಿಳೀತೇನು?"

"ತಿಳೀತ್ರಿ ಕಾಕಾ," ಎಂದಳು ಎದುರು ಮನೆಯ ಹುಡುಗಿ. "ಉಳದ ನಿಂಬಿಹಣ್ಣಿನ ಪಾನಕ ಯಾವಾಗ?"

೨. ಸೆರಗಿನ ತುದಿ

ಮರುದಿನ ತಂಗಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಹಿಂದೆ ಬಂದ ಸಂಬಂಧಗಳೆಲ್ಲ ತಪ್ಪಿದ್ದರಿಂದ ಅವ್ವನಿಗೆ ಜೀವ ಬಾಯಿಗೆ ಬಂದಿತ್ತು. ಹೊಸ ಸೀರೆ ಉಡುವ ಮೊದಲು ತುದಿಗೆ ಅರಿಷಿಣ ಹಚ್ಚುವುದು ನಮ್ಮ ಪದ್ಧತಿ. ತಂಗಿಯ ಸೀರೆಗೆ ಅವ್ವ ಅಂದೇ ಸಂಜೆ ಹಚ್ಚಿಟ್ಟಳು. ಮಕ್ಕಳು ಅದಕ್ಕೂ ಸಬಕಾರ ತಿಕ್ಕಿದರು.

"ಕಲತದ್ದನ್ನ ಮಾಡಿ ನೋಡ್ಯಾರ," ಎಂದೆ, ಹೆಮ್ಮೆಯಿಂದ.

"ಬೀಗರು ಹೋಗೋತನಕ ನೀ ಸಬಕಾರ ಮುಟ್ಟಿದಿ ಅಂದ್ರ ನೋಡು!" ಎಂದಳು ಅವ್ವ.

ಮರುದಿನ ಬೆಳಿಗ್ಗೆ ಬರೀ ನೀರಿನಲ್ಲೇ ಸ್ನಾನ ಮುಗಿಸಿದೆ.

೩. ಧೋತರ

ಗಂಡಿನ ಅಪ್ಪ ಹಾಲಿನಂಥ ಬಿಳಿ ಧೋತರ ಉಟ್ಟು ಬಂದರು. ಅವಲಕ್ಕಿಯ ತಟ್ಟೆ ಕೊಡುವಾಗ ನನ್ನ ಕೈ ಜಾರಿತು. ತಟ್ಟೆ ಅವರ ತೊಡೆಯ ಮೇಲೆ. ಒಗ್ಗರಣೆಯ ಅವಲಕ್ಕಿ, ಅರಿಷಿಣ ಧಾರಾಳ. ಗಾಬರಿಯಲ್ಲಿ ಎಲ್ಲ ಮರೆತು, ಬಚ್ಚಲಿನಿಂದ ಸಬಕಾರ ತಂದು ನಾನೇ ತಿಕ್ಕಿದೆ.

ಧೋತರ ಕೆಂಪಗಾಯಿತು. ಬೀಗರು ಗಾಯವಾದವರ ಹಾಗೆ ಕಂಡರು.

"ಏನ್ ಮಾಡಿದ್ರಿ ಇದು?" ಎಂದು ಅವರು ಎದ್ದುನಿಂತರು. ಅವ್ವ ಗೋಡೆ ಹಿಡಿದಳು. ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು: "ಕಾಕಾ, ಈಗ ನಿಂಬಿಹಣ್ಣು!"

ನಿಂಬೆಹಣ್ಣೆಲ್ಲಿ? ನಿನ್ನೆಯೇ ಪಾನಕವಾಗಿ ಆ ಮಕ್ಕಳ ಹೊಟ್ಟೆ ಸೇರಿತ್ತು.

ಪೆಟ್ಟಿಗೆ ತೆರೆದು ಕೈಗೆ ಸಿಕ್ಕ ಧೋತರ ಕೊಟ್ಟೆ. ಉಟ್ಟು ಬಂದವರು ಅದರ ಜರಿಯಂಚನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡನೇ ಮಹಾಯುದ್ಧದ ದಿನಗಳು, ಬಟ್ಟೆಗೆ ಬರ, ಅಂಥ ಧೋತರ ಸಿಗುವುದೇ ಅಪರೂಪ. ಮದುವೆಯಲ್ಲಿ ಬೀಗರಿಗೆ ಆಯೇರಿ, ಅಂದರೆ ಬಟ್ಟೆಯ ಉಡುಗೊರೆ, ಕೊಡಲೆಂದು ಅವ್ವ ಅದನ್ನು ಜೋಪಾನ ಮಾಡಿದ್ದಳು.

"ಇದು ಆಯೇರಿ ಧೋತರ ಅಲ್ಲೇನ್ರಿ?" ಎಂದರು.

ಅವ್ವ ತಲೆ ತಗ್ಗಿಸಿ ಹೌದೆಂದಳು. ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು.

ಅವರು ನಿಧಾನವಾಗಿ ಕುಳಿತರು. "ಕರೀರಿ ಹುಡುಗೀನ್ನ. ಇನ್ನ ನಾ ಒಲ್ಲೆ ಅಂದ್ರ ಇದನ್ನ ಇಲ್ಲೇ ಬಿಚ್ಚಿಟ್ಟು ಹೋಗಬೇಕಾಗ್ತದ!"