ಗೌರಿಯ ಹೊಟ್ಟೆಕಿಚ್ಚು, ಅತ್ತೆಯ ಸೀರೆ

ಕೆಚ್ಚಲುಬಾವು, ಕಾಲುಬಾಯಿ ಜ್ವರ, ಹೊಟ್ಟೆಉಬ್ಬರ ಎಲ್ಲಕ್ಕೂ ಒಂದೊಂದು ಕಾಲ ಅಂತ ಇದೆ. ಹೊಟ್ಟೆಕಿಚ್ಚಿಗೆ ಮಾತ್ರ ಇಲ್ಲ, ಅದರ ಕೇಸುಗಳು ವರ್ಷಪೂರ್ತಿ ಬರ್ತಾನೇ ಇರುತ್ತವೆ. ನಾನು ತಿಪಟೂರು ಕಡೆಯ ದನದ ಡಾಕ್ಟರು. ಪ್ರಾಣಿಗಳಿಗೆ ಹೊಟ್ಟೆಕಿಚ್ಚು ಎಲ್ಲಿಂದ ಬರುತ್ತೆ ಅಂತ ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತೆ. ಮೆದುಳಿನ ಒಳಗಡೆ, ಬುಡದಲ್ಲಿ, ಬಹಳ ಹಳೆಯ ಭಾಗ ಒಂದಿದೆ. ಹೆದರಿಕೆ, ಕೋಪ, ಅಕ್ಕರೆ ಎಲ್ಲ ಹುಟ್ಟೋದು ಅಲ್ಲೇ. ನಮಗೂ, ಹಸುವಿಗೂ, ನಾಯಿಗೂ ಅದು ಹೆಚ್ಚುಕಮ್ಮಿ ಒಂದೇ ಥರ. ಮೇಲಿನ ಪದರ ನಮ್ಮದು ಸ್ವಲ್ಪ ದಪ್ಪ ಅಷ್ಟೆ, ಅದನ್ನ ನಾವು ಬಳಸೋದು ಹೊಟ್ಟೆಕಿಚ್ಚನ್ನ ಮುಚ್ಚಿಡೋದಕ್ಕೆ.

ಇಷ್ಟೆಲ್ಲ ಊರಿಗೆ ಹೇಳೋ ನನ್ನನ್ನ, ನಮ್ಮ ಮನೆ ಹಸು ಗೌರಿ ಹತ್ತಿರಕ್ಕೇ ಸೇರಿಸ್ತಿರಲಿಲ್ಲ. ಅದು ಅತ್ತೆ ಸಾಕಿದ ಹಸು. "ನಿಮ್ಮ ಸೊಸೆ ದನದ ಡಾಕ್ಟ್ರಂತಲ್ಲ" ಅಂತ ಯಾರಾದರೂ ಅಂದರೆ ಸಾಕು, ಅತ್ತೆ ನಗುತ್ತಾ, "ಹೂಂ ಕಣವ್ವ, ಊರಿಗೆಲ್ಲ ಡಾಕ್ಟ್ರು, ನಮ್ಮ ಗೌರಿ ಮಾತ್ರ ಒದೀತದೆ" ಅನ್ನೋರು. ಒಂದೇ ಒಂದು ಸಲ ಅತ್ತೆ ಬಾಯಲ್ಲಿ "ನನ್ನ ಸೊಸೆ ಕೈಗೂ ಗೌರಿ ಹಾಲು ಕೊಡ್ತದೆ" ಅನ್ನಿಸಬೇಕು ಅಂತ ನನಗೆ ಎಷ್ಟು ಆಸೆ ಇತ್ತೋ, ಆ ಗೌರಿ ಮೇಲೆ ಅಷ್ಟೇ ಉರಿ ಇತ್ತು. ಆ ಕಥೆಗೆ ಆಮೇಲೆ ಬರ್ತೀನಿ.

ಮೇಕೆಯ ಫ್ರಾಕು

ತಿಪಟೂರಿನ ಟೈಲರ್ ಭಾಯ್ ಒಬ್ಬರು ಮೇಕೆ ಹಿಡ್ಕೊಂಡು ಬಂದರು. "ಮೇಡಂ, ಇದು ಬಟ್ಟೆ ತಿಂತದೆ."

"ಮೇಕೆ ಅಲ್ವಾ ಭಾಯ್, ತಿನ್ನುತ್ತೆ."

"ಗಿರಾಕಿ ಬಟ್ಟೆ ಮುಟ್ಟಲ್ಲ ಮೇಡಂ. ಮೊಮ್ಮಗಳು ಹುಟ್ಟಿದಾಗಿಂದ ಅವಳ ಫ್ರಾಕು ಮಾತ್ರ ಹುಡುಕಿ ಹುಡುಕಿ ತಿಂತದೆ!"

ವಿಚಾರಿಸಿದರೆ, ಮಗು ಬರೋವರೆಗೂ ಭಾಯ್ ತೊಡೆ ಪಕ್ಕದ ಜಾಗ ಮೇಕೆಯದು. ಈಗ ಅಲ್ಲಿ ತೊಟ್ಟಿಲು. "ಅದಕ್ಕೂ ಒಂಚೂರು ಮುದ್ದು ಮಾಡಿ" ಅಂತ ಹೇಳಿ ಕಳಿಸಿದೆ. ಭಾಯ್ ಮನೆಗೆ ಹೋದವರೇ ಉಳಿದ ಬಟ್ಟೆಯಲ್ಲಿ ಮೇಕೆಗೂ ಒಂದು ಫ್ರಾಕ್ ಹೊಲಿದು ಹಾಕಿದರಂತೆ. ಮೇಕೆ ಬೀದಿಯೆಲ್ಲ ಮೆರೀತು, ಮಗುವಿನ ಬಟ್ಟೆ ಸುದ್ದಿಗೇ ಹೋಗಲಿಲ್ಲ.

ಮಾರನೇ ವಾರ ಭಾಯ್ ಸಪ್ಪೆ ಮುಖ ಹಾಕ್ಕೊಂಡು ಮತ್ತೆ ಬಂದರು. "ಮೇಕೆ ಹುಷಾರಾಗಿದೆ ಮೇಡಂ. ನಮ್ಮನೆಯೋರು ಅನ್ನ ಇಕ್ತಿಲ್ಲ. ಮೇಕೆಗೆ ಒಂದೇ ದಿನದಲ್ಲಿ ಫ್ರಾಕ್ ಹೊಲಿದ್ರಿ, ನನ್ನ ರವಿಕೆ ಹೋದ ಹಬ್ಬದಿಂದ ಮಿಷನ್ ಪಕ್ಕ ಬಿದ್ದೈತೆ ಅಂತಾರೆ. ಇದಕ್ಕೇನಾದ್ರೂ ಇಂಜೆಕ್ಷನ್ ಇದ್ಯಾ?"

ಕುಂಟು ನಾಯಿ

ದಂಡಿನಶಿವರದ ತೆಂಗಿನ ತೋಟದ ಗೌಡರೊಬ್ಬರು ಫೋನ್ ಮಾಡಿ, "ನಮ್ಮ ನಾಯಿ ಕುಂಟ್ತಾ ಐತೆ ಕಣಮ್ಮ, ಒಂದು ಸಲ ಬಂದು ನೋಡಿ" ಅಂದರು. ಹೋಗಿ ನೋಡಿದೆ. ಮುಳ್ಳಿಲ್ಲ, ಊತ ಇಲ್ಲ, ಒತ್ತಿದರೂ ನೋವಿಲ್ಲ. ಜಗಲಿ ಮೇಲೆ ಗೌಡರ ಹೆಂಡತಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದರು. ಬಚ್ಚಲಲ್ಲಿ ಜಾರಿದ್ದಂತೆ. ಬಂದು ಹೋಗೋರೆಲ್ಲ ಅವರ ಕಾಲು ನೋಡಿ ಅಯ್ಯೋ ಪಾಪ ಅನ್ನೋರು. ನಾಯಿಯನ್ನ ಕೇಳೋರೇ ಇಲ್ಲ.

ಅಷ್ಟರಲ್ಲಿ ತೋಟದ ಕಡೆಯಿಂದ ಯಾರದೋ ಕೋಳಿ ಓಡಿಬಂತು. ನಮ್ಮ ಕುಂಟ ಬಾಣದ ಹಾಗೆ ಹಾರಿ ಅದನ್ನ ಬೇಲಿ ದಾಟಿಸಿ, ವಾಪಸ್ ಬರುವಾಗ ನಮ್ಮನ್ನ ನೋಡಿದ್ದೇ ತಡ ಮತ್ತೆ ಕುಂಟೋಕೆ ಶುರು ಮಾಡಿತು. ಅದೂ ಬೇರೆ ಕಾಲು.

"ಇದು ಅಸೂಯೆ ಗೌಡ್ರೇ, ಸ್ವಲ್ಪ ಗಮನ ಕೊಡಿ, ಸರಿಹೋಗುತ್ತೆ" ಅಂದೆ. ಗೌಡರು ನಿಧಾನಕ್ಕೆ ಹೆಂಡತಿ ಕಾಲಿನ ಕಡೆ ತಿರುಗಿದರು. ಆಯಮ್ಮ, "ಯಾಕಂಗ್ ನೋಡ್ತೀರಿ? ನಂಗೆ ನಿಜವಾಗ್ಲೂ ನೋಯ್ತದೆ ಕಣ್ರೀ!" ಅಂತ ಕೂಗಿದರು.

ಮುಂದಿನ ಸಲ ಆ ಕಡೆ ಹೋದಾಗ ನಾಯಿ ಚೆನ್ನಾಗಿ ಓಡಾಡ್ತಿತ್ತು, ಆಯಮ್ಮನೂ ಓಡಾಡ್ತಿದ್ದರು. ಗೌಡರು ಕುಂಟುತ್ತಿದ್ದರು. ಯಾಕೆ ಅಂತ ಕೇಳಿದರೆ, "ನಾಯಿಗೂ ಗಮನ, ಅವ್ಳಿಗೂ ಗಮನ. ನನ್ನನ್ನ ಕೇಳೋರು ಯಾರವ್ರೆ ಬುಡಿ" ಅಂದರು.

ನಮ್ಮನೆ ಕೇಸು

ಮಾಯಸಂದ್ರದಲ್ಲಿರೋ ನನ್ನ ನಾದಿನಿ ಕೈ ಉಳುಕಿಸಿಕೊಂಡಳು. ಮಗಳನ್ನ ನೋಡೋಕೆ ಅತ್ತೆ ಹೊರಟರು. ಹೋಗೋ ಮುಂಚೆ ಕೊಟ್ಟಿಗೆಗೆ ಹೋಗಿ, ಗೌರಿಗೆ ಬೆಲ್ಲ ತಿನ್ನಿಸಿ, ಕತ್ತು ಸವರಿ, "ಬತ್ತೀನಿ ಕಣವ್ವ" ಅಂದರು. ನನ್ನ ಕಡೆ ತಿರುಗಿ, "ಅದು ನನ್ನ ಕೈ ಬುಟ್ಟು ಯಾರಿಗೂ ಬಗ್ಗಲ್ಲ. ನೀನು ಜಾಸ್ತಿ ಆಸೆ ಇಟ್ಕೋಬೇಡ" ಅಂದರು. ಹಾಲು ನಿಂತರೆ ಅವರಿಗೇ ನಷ್ಟ, ಆದರೂ ಮುಖದಲ್ಲಿ ಎಂಥಾ ಖುಷಿ!

ಸಂಜೆ ಪಾತ್ರೆ ಹಿಡಿದು ಕೂತೆ. ಕರು ಬಿಟ್ಟು ನೋಡಿದೆ, ಹಿಂಡಿ ಇಟ್ಟು ನೋಡಿದೆ. ಕೆಚ್ಚಲು ತುಂಬಿದೆ, ಒಂದು ತೊಟ್ಟು ಇಳಿಸಲಿಲ್ಲ. ಹಾಲು ಇಳಿಯಬೇಕಾದರೆ ಮೆದುಳಿಂದ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಬರಬೇಕು. ಹಸುವಿಗೆ ಮನಸ್ಸಿಲ್ಲದಿದ್ದರೆ ಅದು ಬರಲ್ಲ. ತಾಯಂದಿರಿಗೂ ಹಾಗೇ ಅಂತ ರೈತರ ಮೀಟಿಂಗಿನಲ್ಲಿ ಎಷ್ಟು ಸಲ ಭಾಷಣ ಮಾಡಿದ್ದೀನಿ. ಗೌರಿ ಆ ಭಾಷಣ ಕೇಳಿದ ಹಾಗೆ ನಿಂತಿತ್ತು. ಆಮೇಲೆ ಪಾತ್ರೆಗೆ ಒಂದು ಒದೆ ಕೊಟ್ಟಿತು.

ನನ್ನ ಗಂಡ ಬಾಗಿಲಲ್ಲಿ ನಿಂತು, "ಅವ್ವನ ಸೀರೆ ಉಟ್ಕೊಳೆ. ನಮ್ಮೂರಲ್ಲಿ ಎಲ್ಲಾರೂ ಹಂಗೇ ಮಾಡೋದು" ಅಂದರು.

"ಓದಿರೋ ಡಾಕ್ಟರ್ ಕಣ್ರೀ ನಾನು!" ಅಂತ ರೇಗಿದೆ. ಬೆಳಿಗ್ಗೆ ಅವರು ತೋಟಕ್ಕೆ ಹೋಗಿದ್ದೇ ತಡ, ಅತ್ತೆಯ ಹಳೇ ಸೀರೆ ಉಟ್ಟು, ತಲೆ ಮೇಲೆ ಸೆರಗು ಎಳ್ಕೊಂಡು, ಅವರ ಥರಾನೇ ಕೆಮ್ಮಿ, "ಸರಿಯಾಗಿ ನಿಂತ್ಕೊಳೇ" ಅಂತ ಬೈದು ಕೂತೆ. ಗೌರಿ ಸೆರಗು ಮೂಸಿತು, ಉಸಿರು ಬಿಟ್ಟಿತು. ಪಾತ್ರೆ ತುಂಬ ನೊರೆಹಾಲು! ಸಂತೋಷಕ್ಕೆ ನನಗೆ ಅಳುವೇ ಬಂತು.

ಅತ್ತೆ ಫೋನ್ ಮಾಡಿದರು. "ಹಾಲು ಕೊಡ್ತಾ?"

"ಪಾತ್ರೆ ತುಂಬ ಕೊಡ್ತು ಅತ್ತೆ."

ಫೋನ್ ಇಟ್ಟೇಬಿಟ್ಟರು. ಮಾರನೇ ದಿನ ಮೊದಲ ಬಸ್ಸಿಗೆ ಅತ್ತೆ ನಮ್ಮೂರು ಅರಳಗುಪ್ಪೆಯಲ್ಲಿ ಇಳಿದಿದ್ದರು. ಚೀಲ ಕೈಯಲ್ಲಿದ್ದ ಹಾಗೇ ಕೊಟ್ಟಿಗೆಗೆ ಬಂದರೆ, ಅವರ ಸೀರೆಯಲ್ಲಿ ನಾನು ಕೂತಿದ್ದೀನಿ.

"ಅಯ್ಯೋ ನಿನ್ನ! ನನ್ನ ಸೀರೆ ಉಟ್ಕೊಂಡು ನನ್ನ ಹಸುಗೇ ಮೋಸ ಮಾಡ್ತೀಯಾ? ಏಳು ಮೇಲೆ!"

ಅವರೇ ಕೂತರು. ಗೌರಿ ಅವರ ಕೈ ಮೂಸಿತು. ಇನ್ನೊಂದು ಸಲ ಮೂಸಿತು. ಬುಸ್ ಅಂತ ಮುಖ ತಿರುಗಿಸಿ, ಪಾತ್ರೆಗೆ ಒದೀತು. ಅತ್ತೆ ಮುಖ ನೋಡೋಕೆ ಆಗ್ತಿರಲಿಲ್ಲ.

ನನ್ನೊಳಗಿನ ಡಾಕ್ಟರ್ ಎದ್ದು ಕೂತಳು. "ಅತ್ತೆ, ಮಾಯಸಂದ್ರದಲ್ಲಿ ನಿಮ್ಮ ಮಗಳ ಹಸುವಿನ ಹಾಲು ಕರೆದ್ರಾ?"

"ಅವ್ಳ ಕೈ ಉಳುಕಿತ್ತಲ್ಲ, ಇನ್ಯಾರು ಕರೀತಾರೆ?"

"ಬೆಲ್ಲ ತಿನ್ನಿಸಿದ್ರಾ?"

"ಒಂದು ಚೂರು..."

"ಕತ್ತು ಸವರಿದ್ರಾ?"

ಅತ್ತೆ ತಲೆ ತಗ್ಗಿಸಿದರು. ಅಲ್ಲಿಗೆ ಗೌರಿಯ ಕೇಸು ಮುಗಿದಿತ್ತು, ನನ್ನದು ಶುರುವಾಯಿತು. "ಮಗಳ ಮನೆ ಹಸುಗೆ ಅಷ್ಟು ಉಪಚಾರ! ನಾನು ಇಷ್ಟು ವರ್ಷದಿಂದ ಇದ್ದೀನಿ, ಬಾ, ಹಿಂಗೆ ಕೂತ್ಕೋ, ಹಿಂಗೆ ಕರಿ ಅಂತ ಒಂದು ದಿನ ಕರೆದಿದ್ದೀರಾ?" ಅಂತ ಹೇಳಿ ನಾನೂ ಮುಖ ತಿರುಗಿಸಿದೆ.

ನನ್ನ ಗಂಡ ಬಾಗಿಲಿಂದ, "ಅವ್ವ, ಇಬ್ರೂ ಒಂದೇ ಥರ ಮುಖ ತಿರುಗಿಸ್ಕೊಂಡವ್ರೆ ನೋಡು. ಯಾರನ್ನ ಮೊದಲು ಸಮಾಧಾನ ಮಾಡ್ತೀಯೋ ಮಾಡು" ಅಂದರು.

ಅತ್ತೆ ಮೊದಲು ಹೋಗಿದ್ದು ಗೌರಿ ಹತ್ತಿರವೇ. ಅದಕ್ಕೂ ನನ್ನ ಹೊಟ್ಟೆ ಉರೀತು. ಅವರು ಕೈ ತೊಳೆದು, ಬೆಲ್ಲ ತಿನ್ನಿಸಿ, "ತಪ್ಪಾಯ್ತು ಕಣವ್ವ, ಆ ಮಾಯಸಂದ್ರದೋಳನ್ನ ಇನ್ ಮುಟ್ಟಲ್ಲ" ಅಂದರು. ಆಮೇಲೆ ಪಾತ್ರೆಯನ್ನ ನನ್ನ ಕೈಗೆ ಕೊಟ್ಟು, "ಕೂತ್ಕೋ. ನೀನೇ ಕರಿ. ಸೀರೆ ಬಿಚ್ಚಬೇಡ, ಇರ್ಲಿ" ಅಂದರು. ನಾನು ಇನ್ನೂ ಬಿಗಿದುಕೊಂಡೇ ಇದ್ದೆ. ಅತ್ತೆ ಉಳಿದ ಬೆಲ್ಲವನ್ನ ನನ್ನ ಬಾಯಿಗೆ ತುರುಕಿ, ಗೌರಿಗೆ ಸವರೋ ಹಾಗೇ ನನ್ನ ಗದ್ದದ ಕೆಳಗೆ ಮೆಲ್ಲಗೆ ಸವರಿದರು.

ನಾನು ಕತ್ತು ಚಾಚಿದೆ.